ಮಿಲಾನಿನಿಂದ ಅವ್ವ-ಅಪ್ಪಗೆ

ಮಿಲಾನ್, 2 ಜುಲೈ 2025

ತೀರ್ಥರೂಪ ಅಪ್ಪನಿಗೆ, ಮಾತೋಶ್ರೀ ಅವ್ವನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು.

ನಾನು ಇಲ್ಲಿ ಆರಾಮ ಇದ್ದೀನಿ. ಬಿಸಿಲು ಮಾತ್ರ ನಮ್ಮ ಅಥಣಿಯ ಬೇಸಿಗೆಯನ್ನೇ ನೆನಪಿಸುತ್ತದೆ. ಅಪ್ಪನ ಮೊಣಕಾಲು ಈಗ ಹೇಗಿದೆ? ತಮ್ಮ ಈ ಪತ್ರವನ್ನು ಅವ್ವಗೆ ಸಾವಕಾಶ ಓದಿ ಹೇಳಲಿ.

ಮೊನ್ನೆ ಫೋನಿನಲ್ಲಿ ಅವ್ವ, “ವಿಡಿಯೋದಾಗ ಬಂದದ್ದು ನಮ್ಮ ಕೊಲ್ಹಾಪುರಿ ಚಪ್ಪಲಿನ ಹೌದಿಲ್ಲ?” ಅಂತ ಕೇಳಿದಿ. ಕೊರಳು ಬಿಗಿದು ನನಗೆ ಸರಿಯಾಗಿ ಹೇಳಲಿಕ್ಕೆ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಇಲ್ಲಿ ಪ್ರತಿ ಜನವರಿ, ಜೂನ್‌ನಲ್ಲಿ ಗಂಡಸರ ಉಡುಪಿನ ಶೋಗಳು ನಡೆಯುತ್ತವೆ. ಮೊದಲು ಮಿಲಾನ್, ಆಮೇಲೆ ಪ್ಯಾರಿಸ್. ಜೂನ್‌ನಲ್ಲಿ ತೋರಿಸುವುದು ಮುಂದಿನ ವರ್ಷದ ಬೇಸಿಗೆಗೆ ಬರುವ ಬಟ್ಟೆ. 22ನೇ ತಾರೀಖು ಭಾನುವಾರ ಪ್ರಾಡಾ ಅಂತ ಇಲ್ಲಿಯ ದೊಡ್ಡ ಫ್ಯಾಶನ್ ಕಂಪನಿಯ ಶೋ ಇತ್ತು. ಫೊಂಡಾಜಿಯೋನೆ ಪ್ರಾಡಾ ಅಂತ ಅವರದೇ ಜಾಗ, ಹಿಂದೆ ಅದು ಸಾರಾಯಿ ಭಟ್ಟಿಯಾಗಿತ್ತು. ನಮ್ಮಂಥ ವಿದ್ಯಾರ್ಥಿಗಳಿಗೆ ಒಳಗೆ ಪ್ರವೇಶ ಎಲ್ಲಿಂದ ಬರಬೇಕು, ನಾವು ನಾಲ್ಕು ಗೆಳತಿಯರು ರೂಮಿನಲ್ಲೇ ಕೂತು ಲೈವ್ ನೋಡಿದೆವು. ಬಟ್ಟೆ ನನಗೆ ನಿಜಕ್ಕೂ ಹಿಡಿಸಿದವು. ತೊಡೆಯ ಮೇಲೇ ನಿಲ್ಲುವ ಗಿಡ್ಡ ಚಡ್ಡಿ, ಹೆಣೆದ ಹುಲ್ಲಿನ ಟೋಪಿ, ಅದರ ಪಕ್ಕದಲ್ಲೇ ನೀಟಾದ ಕೋಟು. ಎಲ್ಲವೂ ಹಗುರ, ಮೈಗೆ ಗಾಳಿ ಆಡುವಂಥವು.

ಆಮೇಲೆ ಒಬ್ಬ ಹುಡುಗನ ಕಾಲು ಕಂಡಿತು. ಚಪ್ಪಟೆ ಅಟ್ಟೆ, ಮೇಲೆ ಪಟ್ಟಿ, ಹೆಬ್ಬೆರಳಿಗೆ ಚರ್ಮದ ಉಂಗುರ. ನಾನು ಕೂಗಿಯೇ ಬಿಟ್ಟೆ. ಗೆಳತಿಯರು ಗಾಬರಿಯಾದರು. ಒಂದು ಗಳಿಗೆ ಬರೀ ಖುಷಿ, ಅವ್ವಾ. ನೀನು ಹೊಸ್ತಿಲ ಮೇಲೆ ಕೂತು, ಕಾಲ್ಬೆರಳಿಗೆ ಎಳೆ ಸಿಗಿಸಿಕೊಂಡು ಚರ್ಮದ ಜಡೆ ಹೆಣೆಯುವುದು, ಅಪ್ಪ ಒಳಗೆ ಅಟ್ಟೆ ಕೊಯ್ಯುವುದು, ಜಾಲಿ ತೊಗಟೆಯಲ್ಲಿ ಹದವಾದ ಚರ್ಮದ ಆ ವಾಸನೆ, ಎಲ್ಲಾ ಒಮ್ಮೆಗೇ ಬಂದವು. ಆಮೇಲೆ ಶೋದ ವಿವರಣೆಯಲ್ಲಿ ಹುಡುಕಿದೆ. ‘ಚರ್ಮದ ಸ್ಯಾಂಡಲ್’ ಅಂತಷ್ಟೇ ಇತ್ತು. ಕೊಲ್ಹಾಪುರ ಇಲ್ಲ, ಅಥಣಿ ಇಲ್ಲ, ಭಾರತವೂ ಇಲ್ಲ. ಆ ರಾತ್ರಿ ನನಗೆ ಊಟ ಸೇರಲಿಲ್ಲ.

ಊರಲ್ಲಿ ಗದ್ದಲ ಎದ್ದಮೇಲೆ, ಇದು ಶತಮಾನಗಳ ಇತಿಹಾಸವಿರುವ ಭಾರತದ ಕೈಕಸುಬಿನ ಪಾದರಕ್ಷೆಯಿಂದ ಬಂದದ್ದು ಅಂತ ಪ್ರಾಡಾದವರು ಮಹಾರಾಷ್ಟ್ರದ ವಾಣಿಜ್ಯ ಸಂಸ್ಥೆಗೆ ಪತ್ರ ಬರೆದು ಒಪ್ಪಿಕೊಂಡರು. ಒಳ್ಳೆಯದಾಯಿತು. ಆದರೆ ಇಲ್ಲಿಯ ಸುದ್ದಿಗಳಲ್ಲಿ ನಾನು ಓದಿದ್ದೆಲ್ಲ ಕೊಲ್ಹಾಪುರದ ಹೆಸರೇ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಜಿಐ ಟ್ಯಾಗ್, ಅಂದರೆ ಇದು ಯಾವ ಭಾಗದ ಕಸುಬು ಅಂತ ಹೇಳುವ ಸರ್ಕಾರಿ ಗುರುತು, ಬಂದಾಗ ಅದರಲ್ಲಿ ಎಂಟು ಜಿಲ್ಲೆ ಸೇರಿದ್ದವು, ನಾಲ್ಕು ನಮ್ಮವು: ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ. ಟ್ಯಾಗ್ ನಮ್ಮ ರಾಜ್ಯದ ಚರ್ಮೋದ್ಯಮ ನಿಗಮ ಲಿಡ್ಕರ್ ಮತ್ತು ಮಹಾರಾಷ್ಟ್ರದ ನಿಗಮ ಲಿಡ್‌ಕಾಮ್ ಇಬ್ಬರದೂ ಹೌದು. ಅಥಣಿ, ನಿಪ್ಪಾಣಿಯ ಮಂದಿಯ ಬಗ್ಗೆ ಸಚಿವ ಪ್ರಿಯಾಂಕ್ ಖರ್ಗೆಯವರು ಬರೆದದ್ದು ಓದಿದಾಗ ಸ್ವಲ್ಪ ಸಮಾಧಾನವಾಯಿತು.

ಪ್ರಾಡಾ ಶೋ ಆದ ಎರಡು ದಿನಕ್ಕೆ ಪ್ಯಾರಿಸ್‌ನಲ್ಲಿ ಲೂಯಿ ವಿಟಾನ್ ಅನ್ನೋ ಇನ್ನೊಂದು ಫ್ಯಾಶನ್ ಕಂಪನಿಯ ಶೋ ನಡೆಯಿತು. ಅಲ್ಲಿ ಗಂಡಸರ ಬಟ್ಟೆ ವಿನ್ಯಾಸ ಮಾಡುವ ಗಾಯಕ ಫ್ಯಾರೆಲ್ ವಿಲಿಯಮ್ಸ್ ಅವರದು. ಪೊಂಪಿಡೂ ಸೆಂಟರ್ ಅನ್ನೋ ಕಲಾ ಮ್ಯೂಸಿಯಂ ಎದುರಿಗೆ ದೊಡ್ಡ ಹಾವು-ಏಣಿ ಪಟ! ಅಜ್ಜಿ ಹುಣಸೆ ಬೀಜದಿಂದ ನಮಗೆ ಆಡಿಸುತ್ತಿದ್ದ ಪರಮಪದದ ಪಟವೇ, ಅದರ ಮೇಲೆ ಹುಡುಗರು ನಡೆದರು. ಅದನ್ನು ಮಾಡಿದವರು ‘ಸ್ಟುಡಿಯೋ ಮುಂಬೈ’ ಸಂಸ್ಥೆಯ ವಾಸ್ತುಶಿಲ್ಪಿ ಬಿಜೋಯ್ ಜೈನ್, ಹಾಗಂತ ಶೋದವರೇ ಹೆಸರು ಹೇಳಿದ್ದರು. ಸಂಗೀತದಲ್ಲಿ ಎ. ಆರ್. ರೆಹಮಾನ್ ಇದ್ದರು. ಬಿಸಿಲಿಗೆ ಬಣ್ಣ ಬಿಟ್ಟಂಥ ಕಂದು, ನೀಲಿ ಬಟ್ಟೆಗಳು ಸುಂದರವಾಗಿದ್ದವು. ಅವಕ್ಕಿಂತ ಆ ಹೆಸರು ಹೇಳಿದ್ದು ನನಗೆ ದೊಡ್ಡದು ಅನಿಸಿತು.

ಅಪ್ಪಾ, ನಿನಗೆ ಇಷ್ಟವಾಗುವುದು ಪ್ಯಾರಿಸ್‌ನ ಹಳೆಯ ಫ್ಯಾಶನ್ ಕಂಪನಿ ಡಿಯೋರ್‌ನದು. ವಿನ್ಯಾಸಗಾರ ಜೊನಾಥನ್ ಆ್ಯಂಡರ್ಸನ್ ಅಲ್ಲಿ ಮಾಡಿದ ಮೊದಲ ಸಂಗ್ರಹ, 27ನೇ ತಾರೀಖು ತೋರಿಸಿದರು. 1948ರಲ್ಲಿ ಅದೇ ಕಂಪನಿ ಹೆಣ್ಣುಮಕ್ಕಳಿಗೆ ಹೊಲಿದ ‘ಡೆಲ್ಫ್ಟ್’ ಗೌನಿನ ನೆರಿಗೆಗಳನ್ನು ತಂದು ಗಂಡಸರ ಚಡ್ಡಿಗೆ ಇಟ್ಟಿದ್ದಾರೆ. ಹಿಂದಿನಿಂದ ನೋಡಿದರೆ ನಮ್ಮ ಅಜ್ಜನ ಧೋತರದ ಕಚ್ಚೆ ನೆನಪಾಯಿತು. ಆ ನೆರಿಗೆ ಹೇಗೆ ನಿಂತಿತು ಅಂತ ನಾನು ವಿಡಿಯೋ ನಿಲ್ಲಿಸಿ ನಿಲ್ಲಿಸಿ ಕಾಗದದ ಮೇಲೆ ಬರೆದು ನೋಡಿದೆ, ಇನ್ನೂ ಪೂರ್ತಿ ಹಿಡಿತಕ್ಕೆ ಸಿಕ್ಕಿಲ್ಲ.

ಈಗ ಒಂದು ಕೆಲಸ. ನಮ್ಮ ಕ್ಲಾಸಿನ ಮೇಷ್ಟ್ರು, ಆ ಚಪ್ಪಲಿಯನ್ನು ಮೊಳೆ ಇಲ್ಲದೆ ಹೇಗೆ ಕೂಡಿಸುತ್ತಾರೆ, ತೋರಿಸು ಅಂತ ಕೇಳಿದ್ದಾರೆ. ಸೆಪ್ಟೆಂಬರ್‌ನಲ್ಲಿ ನನಗೆ ಒಂದು ಪೂರ್ತಿ ತರಗತಿ ಬಿಟ್ಟುಕೊಡುತ್ತಾರಂತೆ. ಅಟ್ಟದ ಮೇಲೆ ಬದಿಗೆ ಕಿವಿಯಂಥ ಚರ್ಮ ಇರುವ ಅಜ್ಜನ ಹಳೆಯ ಜೋಡು ಇದೆಯಲ್ಲ, ಅದನ್ನು ಕಳಿಸಿ. ಒರೆಸಬೇಡಿ, ಎಣ್ಣೆ ಹಚ್ಚಬೇಡಿ, ಸವೆದ ಹಿಮ್ಮಡಿ ಹಾಗೇ ಇರಲಿ. ಜೊತೆಗೆ ಅವ್ವ ಒಂದು ಗೇಣು ಜಡೆಯನ್ನು ಅರ್ಧ ಹೆಣೆದು, ತುದಿಯ ಎಳೆ ಬಿಟ್ಟು ಕಳಿಸಲಿ. ಉಳಿದರ್ಧ ನಾನು ಅವರೆದುರಿಗೆ ಹೆಣೆಯುತ್ತೇನೆ.

ನಿಮ್ಮ ಮಗಳು