ಅಜ್ಜನ ಕ್ಷೌರದ ಕತ್ತಿಯನ್ನು ಸಾಣೆ ಚಕ್ರಕ್ಕೆ ಕೊಡಬೇಡಿ

ಸಂಪಾದಕರಿಗೆ ನಮಸ್ಕಾರ.

ಮಡಚುವ ಹಳೇ ಕ್ಷೌರದ ಕತ್ತಿಯ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿ ಖುಷಿಯಾಯಿತು. ಆದರೆ ಮೊಂಡಾದರೆ ಸಾಣೆ ಹಿಡಿಸಿದರಾಯಿತು ಅಂತ ಒಂದೇ ಸಾಲಲ್ಲಿ ಮುಗಿಸಿದ್ದು ಸರಿ ಕಾಣಲಿಲ್ಲ. ಅದನ್ನು ನಂಬಿ ನಾನೇ ಒಂದು ಕತ್ತಿ ಕಳೆದುಕೊಂಡಿದ್ದೇನೆ. ಜರ್ಮನಿಯ ಸೋಲಿಂಗೆನ್‌ನಲ್ಲಿ ಮಾಡಿದ್ದು, ಅಜ್ಜ ದಿನಾ ಬಳಸುತ್ತಿದ್ದದ್ದು. ಬೀದಿಗೆ ಬಂದ ಸಾಣೆಯವರಿಗೆ ಅಡುಗೆಮನೆ ಚಾಕುಗಳ ಜೊತೆ ಅದನ್ನೂ ಕೊಟ್ಟೆ. ಕಿಡಿ ಹಾರಿತು, ಕತ್ತಿಯ ಬಾಯಿ, ಅಂದರೆ ಹರಿತದ ಅಂಚು, ನೀಲಿಗಟ್ಟಿತು. ಉಕ್ಕು ಹಾಗೆ ನೀಲಿಯಾಯಿತೆಂದರೆ ಸುಮಾರು 300 ಡಿಗ್ರಿ ಸೆಲ್ಸಿಯಸ್ ಬಿಸಿ ತಾಗಿ ಅದರ ಹದ ಹೋಗಿದೆ ಅಂತ ಅರ್ಥ. ಆಮೇಲೆ ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ.

ಈ ಕತ್ತಿಯ ಚಂದ ಇರುವುದೇ ಅದರ ಬೆನ್ನಿನಲ್ಲಿ. ಚಾಕುವಿಗಾದರೆ ಕೋನವನ್ನು ನಾವು ಕೈಯಲ್ಲಿ ಹಿಡಿಯಬೇಕು. ಇದಕ್ಕೆ ಹಾಗಿಲ್ಲ, ಬೆನ್ನು ಬಾಯಿ ಎರಡನ್ನೂ ಕಲ್ಲಿನ ಮೇಲೆ ಒಟ್ಟಿಗೆ ಮಲಗಿಸಿದರೆ ಕೋನ ತಾನಾಗೇ ಬರುತ್ತದೆ. ಅಲಗು 16 ಮಿ.ಮೀ. ಅಗಲ, ಬೆನ್ನು 5 ಮಿ.ಮೀ. ದಪ್ಪ ಇದ್ದರೆ ಅದು ಸುಮಾರು 18 ಡಿಗ್ರಿ. ಬೆನ್ನು ಎತ್ತಲೇಬಾರದು.

ಇಷ್ಟಾದರೂ ಬಾಯಿಯ ಇಳಿಜಾರು, ಅಂದರೆ ಬೆವೆಲ್, ಒಂದು ಕಡೆ ಅಗಲ ಒಂದು ಕಡೆ ಸಣ್ಣ ಬರುತ್ತದಲ್ವಾ? ಮೊದಲು ಕಲ್ಲನ್ನೇ ನೋಡಿ. ನಡುವೆ ಸವೆದು ತಗ್ಗಾದ ಕಲ್ಲಿನಲ್ಲಿ ಬಾಯಿ ಸಮ ಬರಲು ಸಾಧ್ಯವೇ ಇಲ್ಲ. ಕಲ್ಲಿನ ಮೇಲೆಲ್ಲ ಪೆನ್ಸಿಲ್ ಗೆರೆ ಹಾಕಿ, ದಪ್ಪ ಗಾಜಿನ ಮೇಲೆ ವಾಟರ್ ಪೇಪರ್ (ನೀರು ಹಾಕಿ ಉಜ್ಜುವ ಮರಳು ಕಾಗದ) ಹಾಸಿ, ನೀರು ಬಿಟ್ಟುಕೊಂಡು, ಒಂದು ಗೆರೆಯೂ ಉಳಿಯದ ತನಕ ಉಜ್ಜಿ. ಇನ್ನೊಂದು ಕಾರಣ ನಮ್ಮ ಕೈ. ಹಿಡಿ ಕಡೆ ಗೊತ್ತಿಲ್ಲದೇ ಜಾಸ್ತಿ ಒತ್ತುತ್ತೇವೆ. ಬಾಯಿಗೆ ಮಾರ್ಕರ್ ಪೆನ್ನಿನ ಮಸಿ ಬಳಿದು, 1000 ಗ್ರಿಟ್ (ಕಲ್ಲಿನ ನುಣುಪಿನ ಅಳತೆ, ಸಂಖ್ಯೆ ಹೆಚ್ಚಿದಷ್ಟೂ ನುಣುಪು) ಕಲ್ಲಿನ ಮೇಲೆ ಹಗುರವಾಗಿ ನಾಲ್ಕು ಸಲ ಎಳೆದರೆ ಕಲ್ಲು ಎಲ್ಲಿ ತಾಗುತ್ತಿಲ್ಲ ಅಂತ ಮಸಿಯೇ ತೋರಿಸುತ್ತದೆ. ಅಲಗೇ ಸ್ವಲ್ಪ ಸೊಟ್ಟ ಇದ್ದರೆ ನೇರ ಎಳೆಯದೆ, ಹಿಡಿಯ ಕಡೆಯಿಂದ ತುದಿಯ ಕಡೆಗೆ ಓರೆಯಾಗಿ ಜಾರಿಸಬೇಕು. ಎರಡೂ ಮಗ್ಗುಲಿಗೆ ಅಷ್ಟಷ್ಟೇ ಸಲ.

ಇಲ್ಲಿ ಅವಸರ ಮಾಡಬೇಡಿ. ಎರಡು ಮಗ್ಗುಲೂ ಉದ್ದಕ್ಕೂ ಒಂದೇ ಗೆರೆಯಲ್ಲಿ ಸೇರುವ ಮೊದಲೇ 8000ದ ನುಣುಪು ಕಲ್ಲಿಗೆ ಹೋದರೆ ಸುಮ್ನೆ ಹೊಳಪು ಬರುತ್ತದೆ, ಗಡ್ಡ ಕೀಳುತ್ತದೆ. ಬಾಯಿಯನ್ನು ಮೇಲಕ್ಕೆ ಮಾಡಿ ಜೋರು ಬೆಳಕಿನಲ್ಲಿ ನೇರ ನೋಡಿ. ಎಲ್ಲಾದರೂ ಮಿಂಚಿದರೆ ಅಲ್ಲಿ ಇನ್ನೂ ಮೊಂಡು. 1000ದ ಕಲ್ಲಿನಲ್ಲೇ ತೋಳಿನ ಕೂದಲು ಹಿಡಿಯಿಂದ ತುದಿಯವರೆಗೂ ಬೋಳಿಸಬೇಕು. ಆಮೇಲಿನ ಕಲ್ಲುಗಳದ್ದು ಸುಲಭ. ಕೊನೆಗೆ ಚರ್ಮದ ಪಟ್ಟಿಯ ಮೇಲೆ ಎಳೆಯಬೇಕು. ಕಲ್ಲಿನ ಮೇಲೆ ಬಾಯಿ ಮುಂದೆ, ಪಟ್ಟಿಯ ಮೇಲೆ ಮಾತ್ರ ಬೆನ್ನು ಮುಂದೆ.

ಈಗ ಕ್ಷೌರದಂಗಡಿಗಳಲ್ಲಿ ಒಬ್ಬರಿಗೊಂದು ಹೊಸ ಬ್ಲೇಡು, ಆರೋಗ್ಯಕ್ಕೆ ಅದೇ ಸರಿ. ಆದರೆ ಕಲ್ಲಿನಲ್ಲಿ ಕತ್ತಿ ಮಸೆದು ಬಾಳಿದ ಹಿರಿಯ ಕ್ಷೌರಿಕರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ. ಪುರವಣಿಯವರು ಅಂಥ ಒಬ್ಬರ ಹತ್ತಿರ ಒಂದು ಬೆಳಗ್ಗೆ ಕೂತು, ಅವರ ಕೈ ಹೇಗೆ ಓಡುತ್ತದೆ ಅಂತ ಫೋಟೊ ಸಮೇತ ಬರೆಯಲಿ ಎಂದು ಕೇಳಿಕೊಳ್ಳುತ್ತೇನೆ.

ನಿಮ್ಮ ಓದುಗ, ಶಿವಮೊಗ್ಗ