ಲಂಕೆಯ ನೆಲಬಾಂಬ್ ತೆರವಿಗೆ ನಮ್ಮ ಸರ್ಕಾರ ಕೊನೆವರೆಗೂ ಕೈಜೋಡಿಸಲಿ

ಮಾನ್ಯ ಸಂಪಾದಕರೇ,

ಕಾಸರಗೋಡಿನ ಅಡಿಕೆ ಕೃಷಿಕರಾದ ನಮಗೆ ಶ್ರೀಲಂಕಾ ಅಂದರೆ ನೆನಪಾಗುವುದು ಅಲ್ಲಿಂದ ಬರುವ ಅಡಿಕೆ, ಇಲ್ಲಿ ಇಳಿಯುವ ಧಾರಣೆ. ಅದರ ಬಗ್ಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಬೇಕೆಂದಿರುವುದು ಅದೇ ದೇಶದ ಉತ್ತರ ಭಾಗದ ಕೃಷಿಕರ ಕಷ್ಟ. ಸ್ವಂತ ಜಾಗ ಇದ್ದೂ ಅದರೊಳಗೆ ಕಾಲಿಡಲಾಗದವರು ಅಲ್ಲಿದ್ದಾರೆ.

ಅಲ್ಲಿನ ಯುದ್ಧ ಮುಗಿದದ್ದು 2009ರ ಮೇ ತಿಂಗಳಲ್ಲಿ. ಲಂಕಾ ಸೇನೆ ಮತ್ತು ಪ್ರತ್ಯೇಕ ತಮಿಳು ನಾಡಿಗಾಗಿ ಹೋರಾಡಿದ ಎಲ್‌ಟಿಟಿಇ ಎರಡೂ ಹೂತಿಟ್ಟ ನೆಲಬಾಂಬ್‌ಗಳನ್ನು ಅಂದಿನಿಂದ ತೆಗೆಯುತ್ತಲೇ ಇದ್ದಾರೆ. ಕಿಳಿನೊಚ್ಚಿ ಜಿಲ್ಲೆಯ ಮುಹಮಾಲೈಯಲ್ಲಿ ಎರಡೂ ಕಡೆಯವರು ವರ್ಷಗಟ್ಟಲೆ ಎದುರುಬದುರು ಕೂತಿದ್ದರು. ತೆಂಗು, ತಾಳೆ ಬೆಳೆಯುವ ಆ ನೆಲದಲ್ಲಿ ಬಾಂಬ್‌ಗಳು ಸಾಲುಸಾಲಾಗಿ ಇದ್ದವು.

ತೆಗೆಯುವ ಕೆಲಸ ಎಷ್ಟು ನಿಧಾನ ಅಂತ ತೋಟದಲ್ಲಿ ದುಡಿದವರಿಗೆ ಬೇಗ ಅರ್ಥವಾದೀತು. ಒಬ್ಬೊಬ್ಬರಿಗೂ ಕಿರಿದಾದ ಒಂದು ಪಟ್ಟಿ ಗುರುತು ಹಾಕಿ ಕೊಡುತ್ತಾರೆ. ಮುಖಕ್ಕೂ ಎದೆಗೂ ರಕ್ಷಾಕವಚ ಹಾಕಿಕೊಂಡು, ಲೋಹ ಪತ್ತೆ ಮಾಡುವ ಯಂತ್ರ ಹಿಡಿದು ಇಂಚಿಂಚಾಗಿ ಮುಂದೆ ಹೋಗಬೇಕು. ಎಷ್ಟೋ ನೆಲಬಾಂಬ್‌ಗಳ ಹೊರಮೈ ಪ್ಲಾಸ್ಟಿಕ್, ಒಳಗೆ ಲೋಹ ಚೂರೇ ಚೂರು. ಯಂತ್ರವನ್ನೇ ನಂಬಿ ಕೂರುವಂತಿಲ್ಲ. ಹಾಗಾಗಿ ಉತ್ತರ ಲಂಕೆಯಲ್ಲಿ ಉದ್ದ ಹಿಡಿಯ ರೇಕ್‌ನಿಂದ ಮಣ್ಣನ್ನು ಸ್ವಲ್ಪ ಸ್ವಲ್ಪವೇ ಎಳೆದೂ ಹುಡುಕುತ್ತಾರೆ. ಆ ಬಿಸಿಲಲ್ಲಿ ದಿನವಿಡೀ ದುಡಿದರೆ ಮುಗಿಯುವುದು ಕೆಲವೇ ಚದರ ಮೀಟರ್. ಹೀಗೆ ದುಡಿಯುವವರಲ್ಲಿ ಆ ಊರುಗಳ ಹೆಂಗಸರೇ ತುಂಬಾ ಜನ. ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡು ಸಂಸಾರ ಸಾಕುತ್ತಿರುವವರೂ ಅವರಲ್ಲಿದ್ದಾರೆ. ಅವರ ಧೈರ್ಯ ನೆನೆದರೆ ಎದೆ ತುಂಬಿ ಬರುತ್ತದೆ.

ಶ್ರೀಲಂಕಾ 2017ರ ಡಿಸೆಂಬರ್‌ನಲ್ಲಿ, ನೆಲಬಾಂಬ್ ನಿಷೇಧಿಸುವ ಅಂತರರಾಷ್ಟ್ರೀಯ ಒಟ್ಟಾವಾ ಒಪ್ಪಂದಕ್ಕೆ ಸೇರಿತು. ಅದರಂತೆ 2028ರ ಜೂನ್ ಒಳಗೆ ಎಲ್ಲ ನೆಲಬಾಂಬ್‌ಗಳನ್ನೂ ತೆಗೆಯಬೇಕು. ಇದಕ್ಕೆ ಬೇಕಾದ ಹಣ ಹೆಚ್ಚಾಗಿ ಬರುವುದು ಹೊರದೇಶಗಳಿಂದ. 2025ರ ಜನವರಿಯಲ್ಲಿ ಅಮೆರಿಕ ತನ್ನ ವಿದೇಶಿ ನೆರವನ್ನು ಏಕಾಏಕಿ ತಡೆಹಿಡಿದಾಗ ಹಲವು ದೇಶಗಳಲ್ಲಿ ಈ ಕೆಲಸಕ್ಕೆ ಪೆಟ್ಟು ಬಿತ್ತು. ಯುದ್ಧ ಹಳೆಯದಾದಷ್ಟೂ ಕೊಡುವವರ ಆಸಕ್ತಿ ಇಳಿಯುತ್ತದೆ. ಆದರೆ ಉಳಿದ ಒಂದೇ ಒಂದು ಬಾಂಬ್ ಸಾಕಲ್ವಾ, ಸೌದೆಗೆ ಹೋದ ಮಗುವಿನ ಕಾಲು ಹಾರಿಸಲು?

ನಮ್ಮ ಎಣ್ಮಕಜೆ, ಪಡ್ರೆ ಕಡೆಯವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ಗೇರು ತೋಟಗಳ ಮೇಲೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುವುದು ನಿಂತು 20 ವರ್ಷ ದಾಟಿತು. ಹಾಸಿಗೆ ಹಿಡಿದ ಮಕ್ಕಳನ್ನು ಎತ್ತಿಕೊಂಡೇ ಅಮ್ಮಂದಿರು ಮುದುಕಿಯರಾದರು. ತಲಾ 5 ಲಕ್ಷ ಪರಿಹಾರ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 2017ರಲ್ಲಿ. ಅದಕ್ಕೂ ಎಷ್ಟೋ ಮನೆಯವರು ವರ್ಷಗಟ್ಟಲೆ ಕಾಯಬೇಕಾಯಿತು. ಹೊರಗಿನವರು ಮರೆತರೆ ಏನಾಗುತ್ತದೆ ಅಂತ ನಾವು ಕಂಡಿದ್ದೇವೆ.

ಯುದ್ಧ ಮುಗಿದ ಮೇಲೆ ಭಾರತ ತನ್ನ ಖರ್ಚಿನಲ್ಲಿ ನೆಲಬಾಂಬ್ ತೆಗೆಯುವ ತಂಡಗಳನ್ನು ಉತ್ತರ ಲಂಕೆಗೆ ಕಳಿಸಿತ್ತು. ಅದು ನಿಜಕ್ಕೂ ಒಳ್ಳೆಯ ಕೆಲಸ. 1987ರಿಂದ 1990ರವರೆಗೆ ಅಲ್ಲಿದ್ದ ನಮ್ಮ ಶಾಂತಿಪಾಲನಾ ಪಡೆಯ ಯೋಧರೂ ನೆಲಬಾಂಬ್‌ಗೆ ಬಲಿಯಾದವರೇ. ಭಾರತ ಒಟ್ಟಾವಾ ಒಪ್ಪಂದಕ್ಕೆ ಸಹಿ ಹಾಕಿಲ್ಲ, ಅದು ಬೇರೆ ಚರ್ಚೆ. ತೆಗೆಯಲು ನೆರವಾಗುವುದಕ್ಕೆ ಯಾವ ಸಹಿಯೂ ಬೇಕಿಲ್ಲ.

ನಮ್ಮ ಸಂಸದರು, ಪಕ್ಕದ ದಕ್ಷಿಣ ಕನ್ನಡದ ಸಂಸದರು ಈ ವಿಷಯವನ್ನು ಲೋಕಸಭೆಯಲ್ಲಿ ಎತ್ತಲಿ. ಲಂಕೆಗೆ ಕೊಡುವ ನೆರವಿನಲ್ಲಿ 2028ರವರೆಗೆ ಇದಕ್ಕೆಂದೇ ಒಂದು ಪಾಲು ತೆಗೆದಿಡಲಿ ಎಂದು ಕೇಳಲಿ. ಅಡಿಕೆ ಆಮದಿನ ಬಗ್ಗೆ ಮನವಿ ಕೊಡಲು ಹೋಗುವ ನಮ್ಮ ಕೃಷಿಕ ಸಂಘಗಳು ಅದರ ಜೊತೆಗೆ ಈ ಮನವಿಯನ್ನೂ ಕೊಟ್ಟು ಬರಲಿ.

– ಅಡಿಕೆ ಕೃಷಿಕ, ಪೆರ್ಲ, ಕಾಸರಗೋಡು