ಸಪ್ಪೆ ಕೋಡುಬಳೆ ಅಂದ ಗೆಳೆಯನಿಗೆ

ಲೋ ಮಗಾ,

ನಿನ್ನ ವಾಯ್ಸ್ ಮೆಸೇಜ್ ಕೇಳ್ದೆ. ಅಷ್ಟು ದೂರದಿಂದ ಬಂದಿದೆ ಅಂತ ಆಸೆಯಿಂದ ಪ್ಯಾಕೆಟ್ ಬಿಚ್ಚಿದ್ರೆ ಖಾರ ಇಲ್ಲ ಏನಿಲ್ಲ, ಸಪ್ಪೆ ಕೋಡುಬಳೆ, ನಾಲ್ಕು ತಿಂದು ಡಬ್ಬಕ್ಕೆ ಹಾಕಿಟ್ಟೆ ಅಂದ್ಯಲ್ಲ. ತಪ್ಪು ನಂದೇ ಬಿಡು, ಹೆಂಗೆ ತಿನ್ಬೇಕು ಅಂತ ಹೇಳ್ದೆ ಕಳಿಸ್ಬಿಟ್ಟೆ.

ಅದು ತರಾಲ್ಲೊ ಕಣೋ, ಒಂದಿದ್ರೆ ತರಾಲ್ಲೊ, ಜಾಸ್ತಿ ಇದ್ರೆ ತರಾಲ್ಲಿ. ನಾನಿರೋ ಬಾರಿ ಊರು ಪುಲಿಯಾ ಪ್ರಾಂತ್ಯದ್ದು, ಇಟಲಿ ಮ್ಯಾಪಲ್ಲಿ ಬೂಟಿನ ಹಿಮ್ಮಡಿ ಇದ್ಯಲ್ಲ ಆ ಕಡೆ. ಊರಾಚೆ ಹೋದ್ರೆ ಸಾಕು, ತಿಪಟೂರು ಕಡೆ ತೆಂಗು ಕಂಡ ಹಾಗೆ ಆಲಿವ್ ಮರ. ಅದಕ್ಕೇ ಹಿಟ್ಟಿಗೆ ಬೆಣ್ಣೆ ಗಿಣ್ಣೆ ಏನೂ ಹಾಕಲ್ಲ, ಅರ್ಧ ಕೆಜಿ ಮೈದಾಗೆ ಸುಮಾರು 125 ಎಂಎಲ್ ಆಲಿವ್ ಎಣ್ಣೆ, ಉಪ್ಪು, ಸೋಂಪು, ಕಲಸೋಕೆ ನೀರಿನ ಬದ್ಲು 200 ಎಂಎಲ್ ವೈಟ್ ವೈನ್. ಹೌದು, ವೈನೇ, ಅಮ್ಮ ಕೇಳಿದ್ರೆ ಮುಚ್ಚಿಡಬೇಡ.

ಹೊಸೆಯೋದು, ತುದಿ ಕೂಡಿಸಿ ಒತ್ತೋದು ಎಲ್ಲಾ ನಿಮ್ಮಮ್ಮ ಮಾಡೋ ಥರಾನೇ. ಆದ್ರೆ ಆಮೇಲೆ ಬಾಣಲೆ ಇಡಲ್ಲ, ಕುದಿಯೋ ನೀರಿಗೆ ಬಿಡ್ತಾರೆ, ಮೊದ್ಲು ತಳಕ್ಕೆ ಹೋಗುತ್ತೆ, ಮೇಲೆ ತೇಲಿ ಬಂದ ತಕ್ಷಣ ಜಾಲರಿ ಸೌಟಲ್ಲಿ ತೆಗ್ದು ಬಟ್ಟೆ ಮೇಲೆ ಹರಡಿ ಆರಿಸಿ ಆಮೇಲೆ ಓವನ್ನಿಗೆ. ಮೇಲ್ಗಡೆ ಹಿಟ್ಟು ನೀರಲ್ಲೇ ಬೆಂದು ಗಂಜಿ ಹಾಕಿದಂಗೆ ಆಗಿರುತ್ತೆ ನೋಡು, ಆ ಹೊಳಪು ಅದರದ್ದೇ. ನಾನೊಂದ್ಸಲ ಆರಿಸೋಕೆ ತಾಳ್ಮೆ ಇಲ್ದೆ ಹಸಿಹಸೀನೇ ತಟ್ಟೆಗೆ ಜೋಡಿಸಿದ್ದೆ, ಎಲ್ಲಾ ತಳಕ್ಕಂಟಿ ಚಾಕು ಹಾಕಿ ಕೆರೆದು ತೆಗೆದೆ, ಮೂವತ್ತರಲ್ಲಿ ಹತ್ತು ಉಂಗುರ ಉಳೀತು, ಮಿಕ್ಕಿದ್ದು ಪುಡಿ. ಆ ಪುಡೀನ ಟೊಮ್ಯಾಟೊ ಹೆಚ್ಚಿ ಅದರ ಮೇಲೆ ಉದುರಿಸ್ಕೊಂಡು ತಿಂದೆ, ನಿಜ ಹೇಳ್ಬೇಕಂದ್ರೆ ಅದೇ ಚೆನ್ನಾಗಿತ್ತು.

ಈಗ ತಿನ್ನೋ ವಿಷಯ. ಕೋಡುಬಳೆ ಆದ್ರೆ ಬರೀ ಅದನ್ನೇ ತಿಂದು ಮುಗಿಸ್ಬಹುದು, ಇದು ಹಂಗಲ್ಲ, ಇದಕ್ಕೆ ಜೊತೆ ಬೇಕು. ಇಲ್ಲಿ ಸಂಜೆ ಊಟಕ್ಕೆ ಮುಂಚೆ ವೈನ್ ಜೊತೆ ಒಂದು ಬಟ್ಟಲು ಇಡ್ತಾರೆ, ಪಕ್ಕದಲ್ಲಿ ಉಪ್ಪಿನಲ್ಲಿ ನೆನೆದ ಆಲಿವ್, ಒಂದೆರಡು ತುಂಡು ಚೀಸ್. ಚೀಸಿನ ಉಪ್ಪು ಬಾಯಲ್ಲಿರೋವಾಗ ಇದನ್ನ ಕಚ್ಚು, ಸೋಂಪಿನ ಘಮ ಆಗ ಮೇಲೆ ಬರುತ್ತೆ. ಜಗಳ ಆಡಿ ಕೊನೆಗೆ ಏನೂ ಆಗೇ ಇಲ್ಲ ಅನ್ನೋ ಹಾಗೆ ರಾಜಿ ಆದ್ರೆ, ಇವರು ಅದಕ್ಕೆ "ತರಾಲ್ಲುಚ್ಚಿ ಎ ವೀನೊ"ದಲ್ಲಿ ಮುಗೀತು ಅಂತಾರೆ, ಅಂದ್ರೆ ಪುಟ್ಟ ತರಾಲ್ಲಿ, ವೈನು. ರಾಜಕಾರಣಿಗಳ ವಿಷಯಕ್ಕೆ ಹೇಳಿದ್ರೆ ಮಾತ್ರ ಅದು ಬೈಗುಳ!

ನೀನು ಕುಡಿಯಲ್ಲ, ಗೊತ್ತು. ಕಾಫಿ ಜೊತೆ ತಿನ್ನು, ಅದ್ದಬೇಡ ಮಾತ್ರ. ಇಲ್ಲಾಂದ್ರೆ ಟೊಮ್ಯಾಟೊ ಚಟ್ನಿ ಸವರ್ಕೊಂಡು ತಿನ್ನು, ಬಾರಿಯೋರು ನೋಡಿದ್ರೆ ಏನಂತಾರೋ, ನಂಗಂತೂ ಅದೇ ಇಷ್ಟ.

ಒಂದು ಮಾತು ನೆನಪಿಟ್ಕೋ, ನಾಳೆ ಯಾರಾದ್ರೂ ನೇಪಲ್ಸಿಂದ ತರಾಲ್ಲಿ ತಂದುಕೊಟ್ರೆ ಅಜ್ಜಿಗೆ ಕೊಡೋ ಮುಂಚೆ ಲೇಬಲ್ ನೋಡು. ಅಲ್ಲಿಯೋರು ಎರಡೆಳೆ ಹೆಣೆದು ಕಾಳುಮೆಣಸು, ಬಾದಾಮಿ ಹಾಕ್ತಾರೆ, ಖಾರಾನೂ ಇರುತ್ತೆ, ನಿಂಗೆ ಹಿಡಿಸುತ್ತೆ, ಆದ್ರೆ ಅದಕ್ಕೆ ಬೀಳೋದು ಹಂದಿ ಕೊಬ್ಬು. ಲೇಬಲ್ ಮೇಲೆ ಸೂಞಾ ಅಂತಲೋ ಸ್ತ್ರುತ್ತೊ ಅಂತಲೋ ಇದ್ರೆ ಅದೇ.

ಡಬ್ಬದಲ್ಲಿರೋದು ಮೆತ್ತಗಾಗಿದ್ರೆ ತವಾ ಮೇಲೆ ಸಣ್ಣ ಉರೀಲಿ ಬೆಚ್ಚಗೆ ಮಾಡಿ ಪೂರ್ತಿ ಆರೋಕೆ ಬಿಡು, ಗರಿಗರಿ ಆಗೋದು ಆರಿದ್ಮೇಲೇ. ಮತ್ತೆ ಈ ಕಡೆ ಬರೋರು ಯಾರಾದ್ರೂ ಸಿಕ್ರೆ ಅಮ್ಮನ ಕೈಲಿ ಒಂದಿಷ್ಟು ಕೋಡುಬಳೆ ಮಾಡಿಸಿ ಕಳ್ಸೋ, ಪಕ್ಕದ ಮನೆ ಅಜ್ಜಿಗೂ ಕೊಡ್ಬೇಕು. ಖಾರ ಸ್ವಲ್ಪ ಕಮ್ಮಿ ಹಾಕೋಕೆ ಹೇಳು.